ಬೆಟ್ಟದ ನೋಟವೂ ಬಂಡವಾಳವೇ: ಅಢಾವೆ ಪತ್ರಿಕೆಯಲ್ಲಿ ಕಾಣದ ಒಂದು ಆಸ್ತಿ

ವ್ಯಾಪಾರ ಸಂಸ್ಥೆಯೊಂದರ ಅಢಾವೆ ಪತ್ರಿಕೆಯಲ್ಲಿ ಕಟ್ಟಡ, ಯಂತ್ರ, ವಾಹನ, ಪೀಠೋಪಕರಣ ಎಲ್ಲಕ್ಕೂ ಸ್ಥಾನವಿದೆ. ಕಣ್ಣಿಗೆ ಕಾಣದ ಕೀರ್ತಿಮೌಲ್ಯಕ್ಕೂ ಒಂದು ಸಾಲು ಮೀಸಲಾಗಿದೆ. ಆದರೆ ಮಲೆನಾಡಿನ ಮತ್ತು ಕೊಡಗಿನ ನೂರಾರು ಹೋಮ್‌ಸ್ಟೇಗಳು, ವಸತಿಗೃಹಗಳು, ಜೀಪು ಮಾಲೀಕರು, ಹೋಟೆಲುಗಳು ಯಾವ ಆಸ್ತಿಯ ಬಲದಿಂದ ವಹಿವಾಟು ನಡೆಸುತ್ತಿವೆಯೋ ಆ ಆಸ್ತಿ ಮಾತ್ರ ಯಾರ ಪತ್ರಿಕೆಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ಬೆಟ್ಟದ ತುದಿಯಲ್ಲಿ ನಿಂತಾಗ ಕಾಣುವ ನೋಟವೇ ಆ ಆಸ್ತಿ. ಅದಕ್ಕೆ ಮಾಲೀಕನಿಲ್ಲ, ಖರೀದಿ ಬೆಲೆಯಿಲ್ಲ. ಆದ್ದರಿಂದ ಸವಕಳಿಯನ್ನು ಲೆಕ್ಕ ಹಾಕುವವರೂ ಇಲ್ಲ. ಲೆಕ್ಕವಿಲ್ಲದ ಆಸ್ತಿ ಎಷ್ಟು ವೇಗವಾಗಿ ಕರಗುತ್ತದೆ ಎಂಬುದನ್ನು ಕಳೆದ ಎರಡು ದಶಕಗಳ ಅನುಭವ ತೋರಿಸಿಕೊಟ್ಟಿದೆ.

ಪ್ರವಾಸಿಯೊಬ್ಬನಿಗೆ ಬೆಟ್ಟವನ್ನು ತೋರಿಸುವ ಮಾರ್ಗಗಳು ಎರಡು. ಸ್ಥಳೀಯ ಆತಿಥೇಯನೊಬ್ಬ ತನ್ನ ಮನೆಯಲ್ಲಿ ಉಳಿದ ನಾಲ್ಕಾರು ಅತಿಥಿಗಳನ್ನು ತಾನೇ ಜೊತೆಯಾಗಿ ಕರೆದೊಯ್ಯುವುದು ಮೊದಲನೆಯದು. ಪೇಟೆಯಿಂದ ವಾಹನ ಹತ್ತಿಸಿ, ತುದಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಹಿಂದಕ್ಕೆ ಕರೆತರುವುದು ಎರಡನೆಯದು. ಎರಡೂ ವ್ಯಾಪಾರವೇ, ಎರಡೂ ಕಾನೂನುಬದ್ಧವಾಗಿ ನಡೆಯಬಲ್ಲವು. ಯಾವುದರಲ್ಲಿ ಅಸಲು ಉಳಿಯುತ್ತದೆ, ಯಾವುದರಲ್ಲಿ ಅಸಲನ್ನೇ ಲಾಭವೆಂದು ಹಂಚಿಕೊಳ್ಳಲಾಗುತ್ತಿದೆ ಎಂಬುದು ವಾಣಿಜ್ಯ ವಲಯ ಕೇಳಿಕೊಳ್ಳಬೇಕಾದ ಪ್ರಶ್ನೆ.

ಮಾಂದಲಪಟ್ಟಿ ಕಲಿಸಿದ ಪಾಠ

ಮಡಿಕೇರಿಯಿಂದ ಮೂವತ್ತು ಕಿಲೋಮೀಟರಿನೊಳಗೆ ಇರುವ ಮಾಂದಲಪಟ್ಟಿ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಹುಲ್ಲುಗಾವಲಿನ ಬೆಟ್ಟ. ಪುಷ್ಪಗಿರಿ ಶ್ರೇಣಿಯತ್ತ ತೆರೆದುಕೊಳ್ಳುವ ಆ ನೋಟವನ್ನು ಒಂದು ಕಾಲದಲ್ಲಿ ಬಲ್ಲವರು ಸುತ್ತಲಿನ ಗ್ರಾಮಸ್ಥರು, ಅರಣ್ಯ ಸಿಬ್ಬಂದಿ ಮತ್ತು ಕೆಲವೇ ಚಾರಣಿಗರು. 2008ರಲ್ಲಿ ತೆರೆಕಂಡ ‘ಗಾಳಿಪಟ’ ಚಲನಚಿತ್ರದಲ್ಲಿ ಅದು ‘ಮುಗಿಲ್‌ಪೇಟೆ’ಯಾಗಿ ಕಾಣಿಸಿಕೊಂಡ ನಂತರ ಪರಿಸ್ಥಿತಿ ಬದಲಾಯಿತು. ರಜಾದಿನಗಳಲ್ಲಿ ಜೀಪುಗಳ ಸಾಲು, ಚಕ್ರಗಳಿಗೆ ಸಿಕ್ಕಿ ಕೊರೆದುಹೋದ ಮಣ್ಣಿನ ದಾರಿ, ಹುಲ್ಲಿನ ಮೇಲೆ ಪ್ಲಾಸ್ಟಿಕ್ ಲಕೋಟೆ ಇವೆಲ್ಲ ಸಾಮಾನ್ಯ ದೃಶ್ಯಗಳಾದವು. 2021ರ ಆಗಸ್ಟ್‌ನಲ್ಲಿ ಮಾಂದಲಪಟ್ಟಿ ಮತ್ತು ಕೋಟೆಬೆಟ್ಟದ ಇಳಿಜಾರುಗಳಲ್ಲಿ ಕುರಿಂಜಿ ಅರಳಿದಾಗ, ವರ್ಷಗಳಿಗೊಮ್ಮೆ ಮಾತ್ರ ಹೂಬಿಡುವ ಆ ಗಿಡಗಳ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳಲು ಜನ ಮುಗಿಬಿದ್ದರು.

ಇದರಲ್ಲಿ ಚಲನಚಿತ್ರದ ತಪ್ಪಾಗಲಿ ಪ್ರವಾಸಿಗರ ತಪ್ಪಾಗಲಿ ಇಲ್ಲ. ಸುಂದರವಾದುದನ್ನು ನೋಡುವ ಆಸೆ ಎಲ್ಲರಿಗೂ ಸಹಜ. ಕೊರತೆ ಇದ್ದದ್ದು ವ್ಯವಸ್ಥೆಯಲ್ಲಿ. ಬೇಡಿಕೆ ಏಕಾಏಕಿ ಏರಿದಾಗ ಪೂರೈಕೆಯನ್ನು ನಿಯಂತ್ರಿಸುವವರು ಸ್ಥಳದಲ್ಲಿ ಯಾರೂ ಇರಲಿಲ್ಲ. ಬೇರೆ ಯಾವುದೇ ಸರಕಿಗೆ ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ, ಏರಿದ ಬೆಲೆ ಬೇಡಿಕೆಯನ್ನು ಹದಗೊಳಿಸುತ್ತದೆ. ನೋಟಕ್ಕೆ ಬೆಲೆಯೇ ಇಲ್ಲವಾದುದರಿಂದ ಆ ಸ್ವಯಂ ನಿಯಂತ್ರಣ ಇಲ್ಲಿ ಕೆಲಸ ಮಾಡಲಿಲ್ಲ.

ಹುಲ್ಲುಗಾವಲೆಂದರೆ ಕೇವಲ ನೋಟವಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಪಶ್ಚಿಮ ಘಟ್ಟದ ಶೋಲಾ ಕಾಡು ಮತ್ತು ಹುಲ್ಲುಗಾವಲು ಮಳೆನೀರನ್ನು ಹೀರಿ, ತಡೆದು, ನಿಧಾನವಾಗಿ ತೊರೆಗಳಿಗೆ ಬಿಡುತ್ತವೆ. ಪುಷ್ಪಗಿರಿ ಶ್ರೇಣಿಯ ನೀರು ಹಾರಂಗಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಆ ಕಾವೇರಿಯೇ ಮಂಡ್ಯದ ಗದ್ದೆಗೂ ಬೆಂಗಳೂರಿನ ನಲ್ಲಿಗೂ ಆಧಾರ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕರ್ನಾಟಕದ ಹತ್ತು ತಾಣಗಳಲ್ಲಿ ಪುಷ್ಪಗಿರಿ ವನ್ಯಜೀವಿಧಾಮವೂ ಒಂದಾಗಿತ್ತು.

ಆತಿಥೇಯ ಮಾಡುವ ಕೆಲಸವೇನು?

ಕೊಡಗಿನಲ್ಲಿ ಹೋಮ್‌ಸ್ಟೇ ಪದ್ಧತಿ ಬೇರೂರಿದುದರ ಹಿಂದೆ ಆರ್ಥಿಕ ಕಾರಣವಿದೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ಪಾತಾಳ ಕಂಡಿತು. ತೋಟದ ಖರ್ಚು ಹುಟ್ಟದ ಆ ದಿನಗಳಲ್ಲಿ ಬೆಳೆಗಾರ ಕುಟುಂಬಗಳು ಮನೆಯ ಖಾಲಿ ಕೋಣೆಗಳನ್ನು ಅತಿಥಿಗಳಿಗೆ ತೆರೆದವು. ಹೆಚ್ಚುವರಿ ಬಂಡವಾಳ ಬೇಡದ, ಇದ್ದ ಮನೆ, ಇದ್ದ ಅಡುಗೆ, ಇದ್ದ ತೋಟವನ್ನೇ ಆಧರಿಸಿದ ಉದ್ಯಮವಿದು. ಮಾಲೀಕ ಅದೇ ಮನೆಯಲ್ಲಿ ವಾಸಿಸಬೇಕು, ಆರು ಕೋಣೆ ಮತ್ತು ಹನ್ನೆರಡು ಹಾಸಿಗೆಗಳನ್ನು ಮೀರಬಾರದು ಎಂಬ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾನ್ಯತಾ ನಿಯಮದ ಆಶಯವೂ ಇದೇ ಆಗಿದೆ.

ಇಂಥ ಮನೆಯ ಯಜಮಾನ ಅತಿಥಿಗಳನ್ನು ಬೆಟ್ಟಕ್ಕೆ ಕರೆದೊಯ್ಯುವ ಕ್ರಮವನ್ನು ಗಮನಿಸಿದರೆ ಅವನು ಮಾಡುವ ಕೆಲಸದ ಸ್ವರೂಪ ತಿಳಿಯುತ್ತದೆ. ಬೆಳಕು ಹರಿಯುವ ಮುನ್ನ ಬೆಲ್ಲದ ಕಾಫಿ ಕೊಟ್ಟು ಹೊರಡಿಸುತ್ತಾನೆ. ವಾಹನ ತೋಟದ ಗೇಟಿನ ಬಳಿಯೇ ನಿಲ್ಲುತ್ತದೆ. ಹಾಲುವಾಣ, ಸಿಲ್ವರ್ ಓಕ್ ಮರಗಳ ನೆರಳಿನ ಕಾಫಿಯ ನಡುವೆ ನಡೆದು, ಕಾಡಂಚನ್ನು ದಾಟಿ, ಹುಲ್ಲಿನ ಏರು ಹತ್ತಬೇಕು. ಜಿಗಣೆ ಹತ್ತಿದರೆ ಏನು ಮಾಡಬೇಕು, ರಾತ್ರಿ ಆನೆ ದಾಟಿದ ಗುರುತು ಯಾವುದು, ಯಾವ ಕಲ್ಲಿನ ಮೇಲೆ ಹೆಜ್ಜೆ ಇಡಬಾರದು ಎಂಬುದನ್ನು ಅವನೇ ಹೇಳುತ್ತಾನೆ. ತುದಿಯಲ್ಲಿ ಬೇಲಿಯಿಲ್ಲ, ಅಂಗಡಿಯಿಲ್ಲ, ಕಾಂಕ್ರೀಟಿನ ಮಂಟಪವಿಲ್ಲ. ಮಂಜು ಸರಿಯುವವರೆಗೆ ಸುಮ್ಮನೆ ಕುಳಿತಿರಬೇಕು. ಸರಿದಾಗ ಎದುರಿನ ಶ್ರೇಣಿಗಳು ಒಂದರ ಹಿಂದೆ ಒಂದಾಗಿ ತೆರೆದುಕೊಳ್ಳುತ್ತವೆ. ತಂದ ಬುತ್ತಿಯ ಕಾಗದವೂ ಅವನದೇ ಚೀಲದಲ್ಲಿ ಕೆಳಗಿಳಿಯುತ್ತದೆ. ಮಳೆಗಾಲದ ಬಿರುಸಿನ ವಾರಗಳಲ್ಲಿ ಎಷ್ಟು ಹಣ ಕೊಡುತ್ತೇವೆಂದರೂ ಅವನು ಅತ್ತ ಹೆಜ್ಜೆ ಹಾಕುವುದಿಲ್ಲ.

ಮೇಲ್ನೋಟಕ್ಕೆ ಇದು ಆತಿಥ್ಯ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅವನು ಏಕಕಾಲಕ್ಕೆ ಮಾರ್ಗದರ್ಶಿ, ಕಾವಲುಗಾರ, ಸುರಕ್ಷತಾ ಅಧಿಕಾರಿ ಮತ್ತು ಆಸ್ತಿಯ ನಿರ್ವಾಹಕ. ನಾಳೆಯೂ ಅದೇ ಬೆಟ್ಟವನ್ನು ಇನ್ನೊಬ್ಬರಿಗೆ ತೋರಿಸಬೇಕಾದವನು ಅವನೇ. ಆದ್ದರಿಂದ ಅದು ಕೆಡದಂತೆ ನೋಡಿಕೊಳ್ಳುವ ಸ್ವಹಿತಾಸಕ್ತಿ ಅವನಿಗೆ ಸಹಜವಾಗಿಯೇ ಇದೆ. ಪೇಟೆಯಿಂದ ಬಂದು ಹೋಗುವ ವಾಹನಕ್ಕೆ ಈ ಹಿತಾಸಕ್ತಿ ಇರಲಾರದು; ಈ ಬೆಟ್ಟ ಕೆಟ್ಟರೆ ಅದು ಮುಂದಿನ ಬೆಟ್ಟಕ್ಕೆ ತಿರುಗುತ್ತದೆ.

ಎರಡು ಲೆಕ್ಕಗಳು

ಒಂದು ಕಾಲ್ಪನಿಕ ಉದಾಹರಣೆಯಿಂದ ವಿಷಯ ಸ್ಪಷ್ಟವಾಗಬಹುದು. ಮೊದಲನೆಯ ಬೆಟ್ಟಕ್ಕೆ ದಿನಕ್ಕೆ ನೂರು ಜೀಪುಗಳಲ್ಲಿ 600 ಜನ ಬರುತ್ತಾರೆಂದೂ ತಲಾ ರೂ. 500 ವೆಚ್ಚ ಮಾಡುತ್ತಾರೆಂದೂ ಭಾವಿಸಬಹುದು. ಒಟ್ಟು ವಹಿವಾಟು ರೂ. 3,00,000. ಅದರಲ್ಲಿ ಬೆಟ್ಟದ ಬುಡದ ಗ್ರಾಮದಲ್ಲಿ ಉಳಿಯುವುದು ತಲಾ ರೂ. 50 ಎಂದಾದರೆ ಗ್ರಾಮದ ಪಾಲು ರೂ. 30,000. ಎರಡನೆಯ ಬೆಟ್ಟದ ಬುಡದಲ್ಲಿ ಐದು ಹೋಮ್‌ಸ್ಟೇಗಳಿದ್ದು, ಒಟ್ಟು 30 ಅತಿಥಿಗಳು ತಲಾ ರೂ. 2,500 ಕೊಡುತ್ತಾರೆಂದು ಭಾವಿಸಿದರೆ ವಹಿವಾಟು ರೂ. 75,000. ಹಾಲು, ತರಕಾರಿ, ಕೂಲಿ ಮತ್ತು ಮಾಲೀಕನ ಆದಾಯದ ರೂಪದಲ್ಲಿ ತಲಾ ರೂ. 1,500 ಗ್ರಾಮದಲ್ಲೇ ಉಳಿದರೆ ಗ್ರಾಮದ ಪಾಲು ರೂ. 45,000.

ಒಟ್ಟು ವಹಿವಾಟನ್ನಷ್ಟೇ ನೋಡುವವರಿಗೆ ಮೊದಲನೆಯ ಬೆಟ್ಟ ನಾಲ್ಕು ಪಟ್ಟು ದೊಡ್ಡದು. ಪೇಟೆಯ ವ್ಯಾಪಾರಿಗಳು, ಪೆಟ್ರೋಲ್ ಬಂಕಿನವರು, ವಾಹನ ಮಾಲೀಕರು ಅದನ್ನೇ ಮೆಚ್ಚುವುದರಲ್ಲಿ ಆಶ್ಚರ್ಯವಿಲ್ಲ. ಗ್ರಾಮದ ಆದಾಯವನ್ನು ನೋಡಿದರೆ ಎರಡನೆಯದು ಒಂದೂವರೆ ಪಟ್ಟು. ಬೆಟ್ಟದ ಮೇಲೆ ಬೀಳುವ ಹೊರೆಯನ್ನು ನೋಡಿದರೆ ಅದು ಇಪ್ಪತ್ತನೇ ಒಂದು ಭಾಗ ಮಾತ್ರ. ಇದಲ್ಲದೆ ಮೊದಲನೆಯ ಲೆಕ್ಕದಲ್ಲಿ ಇನ್ನೂ ಬರೆಯದ ಖರ್ಚುಗಳಿವೆ. ಕೊರೆದುಹೋದ ರಸ್ತೆಯ ದುರಸ್ತಿ, ಕಸದ ಸಾಗಾಟ, ಅಪಘಾತವಾದಾಗಿನ ರಕ್ಷಣಾ ಕಾರ್ಯ ಇವೆಲ್ಲ ಪಂಚಾಯತಿ ಮತ್ತು ಸರ್ಕಾರದ ಖಾತೆಗೆ ಬೀಳುತ್ತವೆ. ಲಾಭ ಒಬ್ಬರದು, ನಷ್ಟ ಮತ್ತೊಬ್ಬರದು ಎಂಬ ಇಂಥ ಲೆಕ್ಕಕ್ಕೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಲಾರ.

ಈ ಸಂಖ್ಯೆಗಳು ಒಂದು ಇತ್ಯಾತ್ಮಕ ಅಂಶವನ್ನೂ ತಿಳಿಸುತ್ತವೆ. ಮೊದಲನೆಯ ಬೆಟ್ಟದಲ್ಲಿ ಗ್ರಾಮದ ಪಾಲು ತಲಾ ರೂ. 50ರಿಂದ ರೂ. 75ಕ್ಕೆ ಏರಿದರೆ ಸಾಕು, ಎರಡು ಗ್ರಾಮಗಳ ಆದಾಯ ಸಮವಾಗುತ್ತದೆ. ಅಂದರೆ ಜೀಪಿನ ಪ್ರವಾಸವನ್ನು ನಿರ್ಮೂಲ ಮಾಡುವ ಅಗತ್ಯವಿಲ್ಲ. ಅದು ಬಳಸಿಕೊಳ್ಳುತ್ತಿರುವ ಆಸ್ತಿಗೆ ಬಾಡಿಗೆ ತೆರುವಂತೆ ಮಾಡುವುದು ಅಗತ್ಯ.

ಎಣಿಕೆಯಿಂದ ಮಿತಿಯವರೆಗೆ

ಮಿತಿ ಹೇರಿದರೆ ಪ್ರವಾಸೋದ್ಯಮ ಕುಸಿಯುತ್ತದೆ ಎಂಬ ಭಯ ಹಳೆಯದು. ಭೂತಾನ್ 1974ರಲ್ಲಿ ವಿದೇಶಿ ಪ್ರವಾಸಿಗರಿಗೆ ಬಾಗಿಲು ತೆರೆದಂದಿನಿಂದಲೂ ಸಂಖ್ಯೆಗಿಂತ ಮೌಲ್ಯಕ್ಕೆ ಒತ್ತು ಕೊಡುತ್ತ ಬಂದಿದೆ. 2022ರಲ್ಲಿ ಪ್ರತಿ ರಾತ್ರಿಗೆ 200 ಡಾಲರುಗಳ ಅಭಿವೃದ್ಧಿ ಶುಲ್ಕ ವಿಧಿಸಿ, ಅದು ಭಾರವಾಯಿತೆಂದು ಕಂಡಾಗ 2023ರಲ್ಲಿ 100 ಡಾಲರಿಗೆ ಇಳಿಸಿತು. ಭಾರತೀಯರಿಗೆ ನಿಗದಿಯಾದುದು ಪ್ರತಿ ರಾತ್ರಿಗೆ ರೂ. 1,200. ಶುಲ್ಕವೂ ಒಂದು ಬೆಲೆಯೇ. ಅನುಭವ ನೋಡಿ ಅದನ್ನು ತಿದ್ದಿಕೊಳ್ಳಬಹುದು ಎಂಬುದು ಇದರಿಂದ ತಿಳಿಯುತ್ತದೆ.

ನೆರೆಯ ತಮಿಳುನಾಡಿನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಊಟಿ ಮತ್ತು ಕೊಡೈಕನಾಲ್‌ಗೆ ಇ-ಪಾಸ್ ಕಡ್ಡಾಯವಾಯಿತು. ಮೊದಲು ಮಿತಿಯಿರಲಿಲ್ಲ, ಎಣಿಕೆ ಮಾತ್ರ ನಡೆಯಿತು. 2025ರ ಏಪ್ರಿಲ್ 1ರಿಂದ ಬೇಸಿಗೆಯ ಅವಧಿಗೆ ಊಟಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂದೂ ಕೊಡೈಕನಾಲ್‌ಗೆ ಕ್ರಮವಾಗಿ 4,000 ಮತ್ತು 6,000 ಎಂದೂ ಮಿತಿ ನಿಗದಿಯಾಯಿತು. ಮೊದಲು ಎಣಿಕೆ, ಆಮೇಲೆ ಮಿತಿ ಎಂಬ ಈ ಕ್ರಮ ಅನುಕರಣೀಯ.

ಕರ್ನಾಟಕವೂ ಹಿಂದೆ ಬಿದ್ದಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ಚಾರಣ ಪಥದಲ್ಲಿ ಒಮ್ಮೆಗೇ ಸಾವಿರಾರು ಜನ ಸೇರಿದ ಚಿತ್ರಗಳು ಪ್ರಕಟವಾದ ಬಳಿಕ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯನ್ನೂ ದಿನದ ಮಿತಿಯನ್ನೂ ಜಾರಿಗೆ ತಂದಿತು. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಭಾಗದಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತ 2025ರ ಸೆಪ್ಟೆಂಬರ್‌ನಿಂದ ದಿನವನ್ನು ಎರಡು ಅವಧಿಗಳಾಗಿ ವಿಂಗಡಿಸಿ ವಾಹನಗಳಿಗೆ ಮುಂಗಡ ನೋಂದಣಿ ಆರಂಭಿಸಿತು. ಇವು ಸ್ವಾಗತಾರ್ಹ ಕ್ರಮಗಳು. ಆದರೆ ಎಲ್ಲವೂ ಹಾನಿಯಾದ ನಂತರ ಬಂದವು ಎಂಬುದನ್ನು ಮರೆಯಲಾಗದು. ಇನ್ನೂ ಹೆಸರು ಕೆಡದ, ಇನ್ನೂ ಜನ ನುಗ್ಗದ ಬೆಟ್ಟಗಳಿಗೆ ಮಿತಿ ಮೊದಲೇ ಇರಬೇಕು. ಅಲ್ಲಿ ಆ ಮಿತಿಯನ್ನು ಜಾರಿಗೊಳಿಸಬಲ್ಲವನು ಬಹುಮಟ್ಟಿಗೆ ಆತಿಥೇಯನೊಬ್ಬನೇ.

ಆಕ್ಷೇಪಗಳಿಗೆ ಉತ್ತರ

ಈ ವಾದಕ್ಕೆ ಮೂರು ಆಕ್ಷೇಪಗಳು ಬರುವುದು ಸಹಜ. ಬೆಟ್ಟ ಸಾರ್ವಜನಿಕ ಆಸ್ತಿ. ಹೋಮ್‌ಸ್ಟೇಗೆ ಹಣ ಕೊಡಬಲ್ಲವರಿಗೆ ಮಾತ್ರ ಅದು ಏಕೆ ಮೀಸಲಾಗಬೇಕು ಎಂಬುದು ಮೊದಲನೆಯದು. ಈ ಆಕ್ಷೇಪದಲ್ಲಿ ನ್ಯಾಯವಿದೆ. ಪರಿಹಾರವೆಂದರೆ ಈಗಾಗಲೇ ರಸ್ತೆ ತಲುಪಿರುವ ಬೆಟ್ಟಗಳನ್ನು ಸಾಮಾನ್ಯ ಪ್ರವಾಸಿಗರಿಗೆ ಸುವ್ಯವಸ್ಥಿತವಾಗಿ ತೆರೆದಿಟ್ಟು, ರಸ್ತೆ ಇಲ್ಲದ ಬೆಟ್ಟಗಳನ್ನು ನಡೆದು ಹೋಗುವವರಿಗೆ ಬಿಡುವುದು. ಪ್ರತಿಯೊಂದು ತುದಿಗೂ ವಾಹನ ಹೋಗಲೇಬೇಕೆಂಬ ಹಟ ಸಮಾನತೆಯಾಗಲಾರದು. ಶಾಲಾ ಮಕ್ಕಳ ತಂಡಗಳಿಗೆ ಶುಲ್ಕ ವಿನಾಯಿತಿ ಕೊಡುವುದಕ್ಕೂ ಯಾವ ಅಡ್ಡಿಯೂ ಇಲ್ಲ.

ಜೀಪು ಚಾಲಕರ ಜೀವನೋಪಾಯ ಎರಡನೆಯದು. ಸಾಲ ಮಾಡಿ ವಾಹನ ಕೊಂಡ ಸ್ಥಳೀಯ ಯುವಕರ ಸಂಖ್ಯೆ ಸಣ್ಣದಲ್ಲ. ಮುಂಗಡ ನೋಂದಣಿ ಮತ್ತು ಸರದಿ ಪದ್ಧತಿ ಬಂದರೆ ಅವರ ಆದಾಯ ಸ್ಥಿರಗೊಳ್ಳುವ ಸಾಧ್ಯತೆಯೇ ಹೆಚ್ಚು. ಈಗ ವಾರಾಂತ್ಯದಲ್ಲಿ ನೂಕುನುಗ್ಗಲು, ಮಿಕ್ಕ ದಿನ ಕೆಲಸವಿಲ್ಲ ಎಂಬ ಸ್ಥಿತಿಯಿದೆ.

ಆತಿಥೇಯರೆಲ್ಲರೂ ಸಜ್ಜನರೇ ಎಂಬುದು ಮೂರನೆಯದು. ಖಂಡಿತ ಅಲ್ಲ. ಮಾಲೀಕನೇ ವಾಸಿಸದ ಕಟ್ಟಡಕ್ಕೆ ಹೋಮ್‌ಸ್ಟೇ ಫಲಕ ಹಾಕುವವರಿದ್ದಾರೆ. ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಅತಿಥಿಗಳನ್ನು ನುಗ್ಗಿಸುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಅತಿವೃಷ್ಟಿ ಮೂಲ ಕಾರಣವಾಗಿದ್ದರೂ, ಇಳಿಜಾರನ್ನು ಕಡಿದು ಮಾಡಿದ ರಸ್ತೆ ಮತ್ತು ನಿವೇಶನಗಳು ಅಪಾಯವನ್ನು ಹೆಚ್ಚಿಸಿದವೆಂದು ಭೂವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದರು. ಆ ವೇಳೆ ಪ್ರವಾಸಿಗರ ಪ್ರವೇಶವನ್ನೇ ನಿರ್ಬಂಧಿಸಿದಾಗ ನಿಯಮ ಪಾಲಿಸಿದವರೂ ಪಾಲಿಸದವರೂ ಒಟ್ಟಿಗೆ ಆದಾಯ ಕಳೆದುಕೊಂಡರು. ಆದ್ದರಿಂದ ಹುಸಿ ಹೋಮ್‌ಸ್ಟೇಗಳನ್ನು ಹೊರಗಿಡುವುದು ನಿಜವಾದ ಆತಿಥೇಯರದೇ ಹಿತ.

ದಾಖಲೆಯೇ ರಕ್ಷಣೆ

ಸಣ್ಣ ಆತಿಥೇಯರನ್ನು ನೋಂದಣಿಯಿಂದ ದೂರವಿಡುತ್ತಿರುವುದು ತೆರಿಗೆಯ ಭಯ. ವಸ್ತುಸ್ಥಿತಿ ಅಷ್ಟು ಭಯಾನಕವಲ್ಲ. ವಾರ್ಷಿಕ ಒಟ್ಟು ವಹಿವಾಟು ರೂ. 20 ಲಕ್ಷ ಮೀರದವರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಒಟ್ಟು ವಹಿವಾಟಿನ ವ್ಯಾಖ್ಯೆಯಲ್ಲಿ ವಿನಾಯಿತಿ ಪಡೆದ ಪೂರೈಕೆಗಳೂ ಸೇರುತ್ತವೆ ಎಂಬುದನ್ನು ಮಾತ್ರ ಬೆಳೆಗಾರರು ಗಮನದಲ್ಲಿಡಬೇಕು. ನೋಂದಣಿ ಇಲ್ಲದ ಇಂಥ ಆತಿಥೇಯರ ಕೋಣೆಗಳು ಆನ್‌ಲೈನ್ ವೇದಿಕೆಗಳ ಮೂಲಕ ಮಾರಾಟವಾದಾಗ ತೆರಿಗೆ ಕಟ್ಟುವ ಹೊಣೆ ಆ ವೇದಿಕೆಯದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ರೂ. 7,500ರವರೆಗಿನ ಕೋಣೆಗಳಿಗೆ ಹೂಡುವಳಿ ತೆರಿಗೆ ಜಮೆಯಿಲ್ಲದ ಶೇ. 5ರ ದರ ಜಾರಿಗೆ ಬಂದಿದೆ.

ಆದಾಯ ತೆರಿಗೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ತೋಟದ ಮನೆಯಲ್ಲಿ ಬಂದ ಹಣವೆಲ್ಲ ಕೃಷಿ ಆದಾಯವೆಂದು ಅನೇಕರು ಭಾವಿಸಿದ್ದಾರೆ. ಪ್ರವಾಸಿ ಕೊಟ್ಟ ಕೋಣೆಯ ಬಾಡಿಗೆ ಕೃಷಿ ಆದಾಯವಲ್ಲ, ಅದು ತೆರಿಗೆಗೆ ಒಳಪಡುತ್ತದೆ. ಕಾಫಿಯ ಖಾತೆ ಬೇರೆ, ಕೋಣೆಯ ಖಾತೆ ಬೇರೆ ಇರಿಸಿಕೊಂಡರೆ ಅಂದಾಜು ಆದಾಯ ಪದ್ಧತಿಯಲ್ಲಿ ಸರಳವಾಗಿ ವಿವರಣೆ ಸಲ್ಲಿಸಲು ಅರ್ಹರಿಗೆ ಅವಕಾಶವಿದೆ. 2025-26ರ ಕೇಂದ್ರ ಮುಂಗಡಪತ್ರದಲ್ಲಿ ಹೋಮ್‌ಸ್ಟೇಗಳಿಗೆ ಮುದ್ರಾ ಸಾಲ ಘೋಷಣೆಯಾಗಿದೆ. ಬ್ಯಾಂಕು ಕೇಳುವುದು ದಾಖಲೆಯನ್ನೇ. ನೋಂದಣಿ, ಅತಿಥಿ ಪುಸ್ತಕ, ರಸೀದಿ ಇವುಗಳಿಲ್ಲದ ಆತಿಥೇಯನಿಗೆ ಸಾಲವೂ ಸಿಗದು, ಮಿತಿ ನಿಗದಿಯಾಗುವ ಸಭೆಯಲ್ಲಿ ದನಿಯೂ ಇರದು.

ಮುಂದಿನ ದಾರಿ

2024-25ರಲ್ಲಿ ಅರೇಬಿಕಾ ಮತ್ತು ರೊಬಸ್ಟಾ ಎರಡರ ಬೆಲೆಯೂ ದಾಖಲೆ ಮಟ್ಟಕ್ಕೆ ಏರಿತು. ಬೆಳೆಗಾರನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಇಂಥ ಕಾಲದಲ್ಲಿಯೇ ನಿಯಮಗಳನ್ನು ರೂಪಿಸಿಕೊಳ್ಳುವುದು ಸುಲಭ. ಬೆಲೆ ಕುಸಿದ ವರ್ಷದಲ್ಲಿ ‘ಇಷ್ಟೇ ಅತಿಥಿಗಳು ಸಾಕು’ ಎನ್ನುವ ಧೈರ್ಯ ಯಾರಿಗೂ ಬರದು. ಕಾಫಿಯ ಬೆಲೆ ಏರಿಳಿಯುವುದನ್ನು ಕಂಡುಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹಿನ್ನೆಲೆಯಲ್ಲಿ ವಾಣಿಜ್ಯ ಸಂಸ್ಥೆಗಳು ನಾಲ್ಕು ಕ್ರಮಗಳಿಗೆ ಒತ್ತಾಯಿಸುವುದು ಸೂಕ್ತ. ಒಂದು, ಪ್ರತಿ ತಾಣದಲ್ಲೂ ಒಂದು ಪೂರ್ಣ ವರ್ಷ ಪ್ರವಾಸಿಗರ ಎಣಿಕೆ ನಡೆದು, ಅದರ ಆಧಾರದ ಮೇಲೆ ದಿನದ ಮಿತಿ ನಿಗದಿಯಾಗಬೇಕು. ಎರಡು, ಪ್ರವೇಶ ಶುಲ್ಕದ ನಿಶ್ಚಿತ ಪಾಲು ಬೆಟ್ಟದ ಬುಡದ ಗ್ರಾಮ ಪಂಚಾಯತಿಗೆ ಸೇರಬೇಕು ಮತ್ತು ಅದರ ಜಮಾ-ಖರ್ಚು ಗ್ರಾಮಸಭೆಯ ಮುಂದೆ ಬರಬೇಕು. ಮೂರು, ರಸ್ತೆ ತಲುಪದ ಬೆಟ್ಟಗಳಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದ ಸ್ಥಳೀಯ ಆತಿಥೇಯ ಅಥವಾ ಮಾರ್ಗದರ್ಶಿಯ ಜೊತೆಯಲ್ಲಿ ಮಾತ್ರ ಪ್ರವೇಶವಿರಬೇಕು. ನಾಲ್ಕು, ಹೋಮ್‌ಸ್ಟೇ, ಹೋಟೆಲ್, ವಾಹನ ಮಾಲೀಕರು ತಮ್ಮ ಸಂಗ್ರಹದ ಒಂದು ಸಣ್ಣ ಭಾಗವನ್ನು ಬೆಟ್ಟದ ನಿರ್ವಹಣೆಗೆಂದೇ ಮೀಸಲು ನಿಧಿಯಾಗಿ ತೆಗೆದಿಡಬೇಕು. ಮೇಲಿನ ಉದಾಹರಣೆಯಲ್ಲಿ ಶೇ. 5ರಷ್ಟು ತೆಗೆದರೂ ಮೊದಲ ಬೆಟ್ಟಕ್ಕೆ ದಿನಕ್ಕೆ ರೂ. 15,000, ಎರಡನೆಯದಕ್ಕೆ ರೂ. 3,750 ದೊರೆಯುತ್ತದೆ. ಹೊರೆ ಹೆಚ್ಚು ಹೊರಿಸುವವನು ಹೆಚ್ಚು ತೆರುತ್ತಾನೆ. ಇದು ಯಾವ ನ್ಯಾಯಕ್ಕೂ ವಿರುದ್ಧವಲ್ಲ.

ಯಂತ್ರಕ್ಕೆ ಸವಕಳಿ ತೆಗೆದಿಡುವ ಉದ್ಯಮಿಗೆ ಅದರ ಅರ್ಥ ಗೊತ್ತು: ಇಂದಿನ ಗಳಿಕೆಯಲ್ಲಿ ನಾಳೆಯ ಬದಲಿ ಯಂತ್ರದ ಪಾಲೂ ಇದೆ. ಹುಲ್ಲು ಹೋಗಿ ಮಣ್ಣು ಕೊಚ್ಚಿಹೋದ ಬೆಟ್ಟಕ್ಕೆ ಬದಲಿ ಎಂಬುದಿಲ್ಲ. ಅದನ್ನು ಯಾವ ಪೂರೈಕೆದಾರನಿಂದಲೂ ತರಿಸಲು ಸಾಧ್ಯವಿಲ್ಲ. ಹಾಗಾಗಿ ಅದರ ಸವಕಳಿಯನ್ನು ಪುಸ್ತಕದಲ್ಲಿ ಬರೆಯುವುದಕ್ಕಿಂತ, ಸವೆಯದಂತೆ ನೋಡಿಕೊಳ್ಳುತ್ತಿರುವ ಕೈಗಳನ್ನು ಉದ್ಯಮದಲ್ಲಿ ಉಳಿಸಿಕೊಳ್ಳುವುದೇ ಮಿತವ್ಯಯದ ಮಾರ್ಗ.